ಸಂಧಿವಾತಕ್ಕೆ ‘ಒಂದೇ ಇಂಜೆಕ್ಷನ್’, ‘ಕಾಡಿನ ಪುಡಿ’: ಫಾರ್ವರ್ಡ್ ಮಾಡುವ ಮುನ್ನ ಇಷ್ಟು ತಿಳಿದಿರಲಿ

ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ಕಡೆಯ ಓದುಗರು ಎರಡು ವಾಟ್ಸಾಪ್ ಸಂದೇಶಗಳನ್ನು ನಮಗೆ ಕಳಿಸಿ ‘ಇದು ನಿಜವೇ?’ ಎಂದು ಕೇಳಿದ್ದಾರೆ.

ಮೊದಲನೆಯದು ಒಂದು ಆಡಿಯೋ. ಅದರಲ್ಲಿ ಒಬ್ಬರು ಹೇಳುತ್ತಾರೆ: ‘ಹುಬ್ಬಳ್ಯಾಗ ಹೊಸ ಇಂಜೆಕ್ಷನ್ ಬಂದೈತಿ. ಒಂದ ಸಲ ಹಾಕ್ಸಿದ್ರ ಸಾಕು, ಮೊಣಕಾಲು, ಸೊಂಟ, ಬೆರಳು ಎಲ್ಲಾ ನೋವೂ ಹೋಗ್ತೈತಿ.’ ಎರಡನೆಯದು ಹಸಿರು ಎಲೆಗಳ ಚಿತ್ರವಿರುವ ಪೋಸ್ಟರ್. ‘ದಾಂಡೇಲಿ ಕಾಡಿನ ಬೇರಿನ ಪುಡಿ. 21 ದಿನಗಳಲ್ಲಿ ಸಂಧಿವಾತ ಬುಡಸಮೇತ ಮಾಯ. ಡಾಕ್ಟರ್ ಕೊಡುವ ಗುಳಿಗೆ ನಿಮ್ಮ ರೋಗನಿರೋಧಕ ಶಕ್ತಿಯನ್ನು ಕೊಲ್ಲುತ್ತದೆ, ಇಂದೇ ನಿಲ್ಲಿಸಿ’ ಎಂದು ಅದರಲ್ಲಿದೆ. ಕೆಳಗೆ ಒಂದು ಮೊಬೈಲ್ ನಂಬರ್.

ಮೊದಲು ಉತ್ತರ ಹೇಳಿಬಿಡುತ್ತೇವೆ. ಆಡಿಯೋದಲ್ಲಿ ಹೇಳಿರುವಂಥ ಇಂಜೆಕ್ಷನ್‌ಗಳು ನಿಜಕ್ಕೂ ಇವೆ. ಆದರೆ ಅವು ಹೊಸವಲ್ಲ, ಒಂದೇ ಸಲಕ್ಕೆ ಮುಗಿಯುವಂಥವಲ್ಲ, ಎಲ್ಲಾ ನೋವಿಗೂ ಅಲ್ಲ. ಪೋಸ್ಟರ್‌ನಲ್ಲಿರುವ ಪುಡಿಯಿಂದ ನೋವು ಬೇಗ ಇಳಿದರೂ ಇಳಿಯಬಹುದು. ಆದರೆ ನೋವು ಇಳಿಯುವುದು ಬೇರೆ, ಕೀಲು ಉಳಿಯುವುದು ಬೇರೆ. ಈ ಲೇಖನದ ಸಾರ ಇಷ್ಟೇ. ಯಾಕೆ ಹಾಗೆ ಎಂಬುದನ್ನು ಕೆಳಗೆ ವಿವರಿಸಿದ್ದೇವೆ.

ನಮ್ಮ ಮನೆಯಲ್ಲೇ ನಡೆದದ್ದು

ನಮ್ಮ ತಂಡದ ಒಬ್ಬರ ಸೋದರತ್ತೆ ಇರುವುದು ಹಳಿಯಾಳದ ಹತ್ತಿರದ ಒಂದು ಹಳ್ಳಿಯಲ್ಲಿ. ವಯಸ್ಸು ನಲವತ್ತಾರು. ಎರಡು ವರ್ಷಗಳ ಹಿಂದೆ ಅವರ ಎರಡೂ ಕೈಗಳ ಬೆರಳುಗಳು ಬೆಳಿಗ್ಗೆ ಎದ್ದಾಗ ಮಡಚಲು ಬಾರದಂತೆ ಬಿಗಿಯತೊಡಗಿದವು. ಒಲೆ ಹಚ್ಚಿ, ಬಿಸಿನೀರಿನಲ್ಲಿ ಕೈ ಅದ್ದಿ ಕೂತರೂ ಸಡಿಲಾಗಲು ಒಂದು ತಾಸು ಬೇಕಾಗುತ್ತಿತ್ತು. ರಕ್ತಪರೀಕ್ಷೆ ಆಯಿತು, ರುಮಟಾಯ್ಡ್ ಸಂಧಿವಾತ ಎಂದು ಗೊತ್ತಾಯಿತು, ಗುಳಿಗೆ ಶುರುವಾಯಿತು.

ಒಂದೂವರೆ ತಿಂಗಳಾದರೂ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಅಷ್ಟರಲ್ಲಿ ಇಂಥದೇ ಒಂದು ಪೋಸ್ಟರ್ ಬಂತು. ಗುಳಿಗೆ ನಿಂತಿತು, ಪುಡಿ ಶುರುವಾಯಿತು. ಫೋನ್ ಮಾಡಿದಾಗ ಅತ್ತೆ ಖುಷಿಯಲ್ಲಿದ್ದರು. ‘ನೋಡವಾ, ಎಂಟ ದಿನದಾಗ ರೊಟ್ಟಿ ಬಡಿಯಾಕತ್ತೀನಿ. ನಿಮ್ಮ ಡಾಕ್ಟರು ಇಷ್ಟ ದಿನಾ ಆದ್ರೂ ಇದನ್ನ ಮಾಡಲಿಲ್ಲ.’

ಆ ಮಾತಿಗೆ ತಕ್ಷಣ ಉತ್ತರ ಕೊಡುವುದು ಕಷ್ಟ. ನೋವು ಕಡಿಮೆಯಾದದ್ದು ಸುಳ್ಳಾಗಿರಲಿಲ್ಲ. ಅತ್ತೆಯ ಕತೆ ಮುಂದೇನಾಯಿತು ಎಂಬುದನ್ನು ಆಮೇಲೆ ಹೇಳುತ್ತೇವೆ. ಅದು ಅರ್ಥವಾಗಬೇಕಾದರೆ ಕೀಲಿನೊಳಗೆ ಏನು ನಡೆಯುತ್ತದೆ ಎಂಬುದು ಮೊದಲು ತಿಳಿಯಬೇಕು.

ಎಲ್ಲಾ ಕೀಲುನೋವೂ ಒಂದೇ ಅಲ್ಲ

ನಮ್ಮ ಕಡೆ ‘ವಾತ’ ಎಂಬ ಒಂದೇ ಪದದಲ್ಲಿ ಹಲವು ಕಾಯಿಲೆಗಳು ಸೇರಿಕೊಳ್ಳುತ್ತವೆ. ಅವುಗಳಲ್ಲಿ ಎರಡನ್ನಾದರೂ ಬೇರೆ ಮಾಡಿ ನೋಡಲೇಬೇಕು.

ಒಂದು, ಕೀಲು ಸವೆತ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿ, ಭಾರ ಹೊತ್ತು, ಗುಡ್ಡ ಹತ್ತಿ ಇಳಿದು ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವುದು ಇದು. ಮೊಣಕಾಲು, ಸೊಂಟದ ಕೀಲುಗಳಲ್ಲಿ ಸಾಮಾನ್ಯ. ನಡೆದಷ್ಟೂ ನೋವು, ಕೂತರೆ ಆರಾಮ. ಬೆಳಗಿನ ಬಿಗಿತ ಹೆಚ್ಚೆಂದರೆ ಅರ್ಧ ತಾಸಿನೊಳಗೆ ಹೋಗುತ್ತದೆ.

ಇನ್ನೊಂದು, ರುಮಟಾಯ್ಡ್ ಸಂಧಿವಾತ. ಇಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಬೆರಳು, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಎರಡೂ ಬದಿಯಲ್ಲಿ ಊದಿಕೊಳ್ಳುತ್ತವೆ. ಬೆಳಗಿನ ಬಿಗಿತ ಒಂದು ತಾಸಿಗಿಂತ ಹೆಚ್ಚು ಇರಬಹುದು. ವಿಶ್ರಾಂತಿ ತೆಗೆದುಕೊಂಡರೆ ಹೆಚ್ಚುತ್ತದೆ, ಕೈಯಾಡಿಸಿದರೆ ತುಸು ಸಡಿಲವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಮೂವತ್ತರ ಹರೆಯದಲ್ಲೂ ಬರಬಹುದು.

ಈ ವ್ಯತ್ಯಾಸ ಯಾಕೆ ಮುಖ್ಯ? ಆಡಿಯೋದಲ್ಲಿರುವ ಇಂಜೆಕ್ಷನ್‌ಗಳು ಎರಡನೆಯ ಬಗೆಯ ಕಾಯಿಲೆಗೆ ಮಾಡಿದವು. ಸವೆದ ಮೊಣಕಾಲಿನ ಮೇಲೆ ಇವನ್ನು ಪ್ರಯೋಗಿಸಿ ನೋಡಿದ ಅಧ್ಯಯನಗಳಲ್ಲಿ ಹೇಳಿಕೊಳ್ಳುವಂಥ ಪ್ರಯೋಜನ ಕಂಡಿಲ್ಲ. ಅಂದರೆ ‘ಮೊಣಕಾಲು, ಸೊಂಟ, ಬೆರಳು ಎಲ್ಲಾ ನೋವೂ’ ಎಂಬ ಮಾತು ಇಲ್ಲೇ ಬಿದ್ದುಹೋಯಿತು.

ಸೈಟೋಕೈನ್ ಎಂದರೆ ಭೋಂಗಾ

ದಾಂಡೇಲಿ ಕಾಗದ ಕಾರ್ಖಾನೆಯ ಊರು. ಅಲ್ಲಿಯವರಿಗೆ ಕಾರ್ಖಾನೆಯ ಭೋಂಗಾ ಎಂದರೇನು ಎಂದು ಹೇಳಿಕೊಡಬೇಕಿಲ್ಲ. ಭೋಂಗಾ ಸ್ವತಃ ಯಾವ ಕೆಲಸವನ್ನೂ ಮಾಡುವುದಿಲ್ಲ. ಅದರ ಸದ್ದು ಕೇಳಿದವರು ಎದ್ದು ಕೆಲಸಕ್ಕೆ ಹೊರಡುತ್ತಾರೆ.

ನಮ್ಮ ದೇಹದ ಜೀವಕೋಶಗಳೂ ಹೀಗೇ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಸುದ್ದಿ ಒಯ್ಯುವ ಪುಟ್ಟ ಪ್ರೋಟೀನ್‌ಗಳಿಗೆ ಸೈಟೋಕೈನ್ ಎಂದು ಹೆಸರು. ಅದನ್ನು ಕೇಳಿಸಿಕೊಳ್ಳುವ ಕಿವಿಯಂಥ ಭಾಗ ಇನ್ನೊಂದು ಕೋಶದ ಮೈಮೇಲೆ ಇರುತ್ತದೆ. ಅದೇ ರಿಸೆಪ್ಟರ್. ಸೈಟೋಕೈನ್ ಬಂದು ರಿಸೆಪ್ಟರ್‌ಗೆ ಕೂತೊಡನೆ ಕೋಶದ ಒಳಗೆ ಒಂದರ ಹಿಂದೊಂದು ಸಂಕೇತ ಸಾಗಿ, ‘ಸೋಂಕು ಬಂದಿದೆ, ಏಳು’ ಎಂಬ ಆಜ್ಞೆ ಕೋಶದ ಕೇಂದ್ರಕ್ಕೆ ಮುಟ್ಟುತ್ತದೆ.

ಕಾಲಿಗೆ ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿ, ನೋಯುವುದು ಇದರಿಂದಲೇ. ಇದನ್ನೇ ಉರಿಯೂತ ಎನ್ನುತ್ತೇವೆ. ಮುಳ್ಳು ಹೊರಬಂದು ಗಾಯ ಮಾಗಿದ ಮೇಲೆ ಭೋಂಗಾ ನಿಲ್ಲುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಮಾತ್ರ ಅದು ನಿಲ್ಲುವುದಿಲ್ಲ. ಮುಳ್ಳೂ ಇಲ್ಲ, ಸೋಂಕೂ ಇಲ್ಲ, ಆದರೂ ಕೀಲಿನಲ್ಲಿ ಹಗಲೂ ರಾತ್ರಿ ಭೋಂಗಾ ಕೂಗುತ್ತಲೇ ಇರುತ್ತದೆ. ಕೇಳಿದ ಕೋಶಗಳು ಬಂದು ಸೇರುತ್ತವೆ, ಮೆತ್ತನೆಯ ಮೂಳೆಯನ್ನೂ ಗಟ್ಟಿ ಮೂಳೆಯನ್ನೂ ಕೊರೆಯುತ್ತವೆ. ಹೀಗೆ ಕೊರೆದುಹೋದದ್ದು ಮತ್ತೆ ಬೆಳೆಯುವುದಿಲ್ಲ. ಬೆರಳು ಸೊಟ್ಟಗಾಗುವುದು ಈ ಕಾರಣಕ್ಕೆ.

ಹೀಗೆ ಕೂಗುವ ಸೈಟೋಕೈನ್‌ಗಳಲ್ಲಿ ಮುಖ್ಯವಾದವು ಟಿಎನ್‌ಎಫ್, ಐಎಲ್-6 ಮತ್ತು ಐಎಲ್-1. ನೋವಿಗೂ ಇವಕ್ಕೂ ನೇರ ನಂಟಿದೆ. ನೋವು ತಿಳಿಸುವ ನರದ ತುದಿಗಳ ಮೇಲೂ ಇವುಗಳ ರಿಸೆಪ್ಟರ್‌ಗಳಿವೆ. ಸೈಟೋಕೈನ್ ಮುಟ್ಟಿದ ನರ ಅತಿಸೂಕ್ಷ್ಮವಾಗುತ್ತದೆ. ಆಗ ಚೊಂಬು ಎತ್ತುವುದು, ಬಾಗಿಲ ಚಿಲಕ ತೆಗೆಯುವುದು ಕೂಡ ನೋವಾಗಿಯೇ ತಿಳಿಯುತ್ತದೆ. ಜರ್ಮನಿಯ ಎರ್ಲಾಂಗೆನ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಟಿಎನ್‌ಎಫ್ ತಡೆಯುವ ಔಷಧ ಕೊಟ್ಟ 24 ಗಂಟೆಯೊಳಗೆ ರೋಗಿಗಳ ಮೆದುಳಿನಲ್ಲಿ ನೋವಿಗೆ ಸಂಬಂಧಿಸಿದ ಚಟುವಟಿಕೆ ಇಳಿದಿತ್ತು. ಕೀಲಿನ ಊತ ಇನ್ನೂ ಹಾಗೇ ಇತ್ತು!

ಭೋಂಗಾ ಬಾಯಿ ಮುಚ್ಚಿಸುವುದು ಹೇಗೆ?

ಸುದ್ದಿಯನ್ನು ನಾಲ್ಕು ಕಡೆ ತಡೆಯಬಹುದು. ನಾಲ್ಕಕ್ಕೂ ಇಂದು ಔಷಧಗಳಿವೆ.

ಮೊದಲ ದಾರಿ, ಸೈಟೋಕೈನನ್ನೇ ದಾರಿಯಲ್ಲಿ ಹಿಡಿದುಹಾಕುವುದು. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಎಂಬ ಇಬ್ಬರು ವಿಜ್ಞಾನಿಗಳು ಟಿಎನ್‌ಎಫ್ ಒಂದನ್ನು ತಡೆದರೆ ಉಳಿದವೂ ತಣ್ಣಗಾಗುತ್ತವೆ ಎಂದು ತೋರಿಸಿದರು. ಮೈನಿ ಹುಟ್ಟಿದ್ದು ನಮ್ಮ ಪಂಜಾಬಿನ ಲೂಧಿಯಾನದಲ್ಲಿ. 1992ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಮೊದಲ ರೋಗಿಗಳಿಗೆ ಟಿಎನ್‌ಎಫ್ ವಿರುದ್ಧದ ಪ್ರತಿಕಾಯ ಕೊಟ್ಟರು. ಇನ್‌ಫ್ಲಿಕ್ಸಿಮಾಬ್, ಅಡಾಲಿಮುಮಾಬ್ ಈ ಗುಂಪಿನವು. ಅಡಾಲಿಮುಮಾಬ್‌ನ ಮೊದಲ ಬಯೋಸಿಮಿಲರ್, ಅಂದರೆ ಮೂಲ ಔಷಧಕ್ಕೆ ಸಮಾನವಾದ ಕಡಿಮೆ ಬೆಲೆಯ ಆವೃತ್ತಿ, 2014ರಲ್ಲಿ ಭಾರತದಲ್ಲೇ ಮಾರುಕಟ್ಟೆಗೆ ಬಂತು.

ಎರಡನೆಯ ದಾರಿ, ಸುಳ್ಳು ಕಿವಿ ಇಡುವುದು. ಎಟಾನರ್ಸೆಪ್ಟ್ ಎಂಬ ಔಷಧ ಟಿಎನ್‌ಎಫ್ ರಿಸೆಪ್ಟರ್‌ನ ನಕಲು. ಅದು ರಕ್ತದಲ್ಲಿ ತೇಲುತ್ತಿರುತ್ತದೆ. ಟಿಎನ್‌ಎಫ್ ನಿಜವಾದ ಕಿವಿ ಎಂದುಕೊಂಡು ಅದಕ್ಕೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ಇದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ.

ಮೂರನೆಯ ದಾರಿ, ನಿಜವಾದ ಕಿವಿಗೇ ಹತ್ತಿ ತುರುಕುವುದು. ಟೋಸಿಲಿಜುಮಾಬ್ ಮಾಡುವುದು ಇದನ್ನೇ. ಐಎಲ್-6 ಎಷ್ಟೇ ಇದ್ದರೂ ಕೂರಲು ಜಾಗವಿಲ್ಲದಂತೆ ಅದರ ರಿಸೆಪ್ಟರ್ ಮೇಲೆ ಈ ಔಷಧ ಮೊದಲೇ ಕೂತಿರುತ್ತದೆ. ಜಪಾನಿನ ಒಸಾಕಾದಲ್ಲಿ ತಡಾಮಿತ್ಸು ಕಿಶಿಮೋಟೋ ಮತ್ತು ಸಂಗಡಿಗರು ಐಎಲ್-6 ಬಗ್ಗೆ ವರ್ಷಗಟ್ಟಲೆ ಮಾಡಿದ ಕೆಲಸದ ಫಲ ಇದು. ಜಪಾನಿನಲ್ಲಿ 2008ರಲ್ಲಿ, ಅಮೆರಿಕದಲ್ಲಿ 2010ರಲ್ಲಿ ಸಂಧಿವಾತಕ್ಕೆ ಒಪ್ಪಿಗೆ ಪಡೆಯಿತು.

ನಾಲ್ಕನೆಯ ದಾರಿ, ಕಿವಿಯಿಂದ ಒಳಗೆ ಹೋಗುವ ತಂತಿಯನ್ನು ತಡೆಯುವುದು. ಹಲವು ಸೈಟೋಕೈನ್‌ಗಳ ರಿಸೆಪ್ಟರ್‌ಗಳು ಕೋಶದ ಒಳಗೆ ‘ಜಾಕ್’ ಎಂಬ ಕಿಣ್ವಗಳ ಮೂಲಕ ಸುದ್ದಿ ದಾಟಿಸುತ್ತವೆ. ಟೊಫಾಸಿಟಿನಿಬ್‌ನಂಥ ಔಷಧಗಳು ಆ ಕಿಣ್ವವನ್ನು ತಡೆಯುತ್ತವೆ. ಇವು ಇಂಜೆಕ್ಷನ್ ಅಲ್ಲ, ಗುಳಿಗೆ. ಭಾರತದಲ್ಲಿ ಈಗ ಇದರ ಜೆನೆರಿಕ್ ಸಿಗುವುದರಿಂದ ಬಳಕೆ ಹೆಚ್ಚಿದೆ.

ಈ ಹೆಸರುಗಳನ್ನು ನೀವು ಆಗಲೇ ಕೇಳಿದ್ದೀರಿ

ಟೋಸಿಲಿಜುಮಾಬ್ ಎಂಬ ಹೆಸರು ಕೇಳಿದಂತಿದೆಯೇ? 2021ರ ಏಪ್ರಿಲ್ ಮತ್ತು ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಕೋವಿಡ್ ಎರಡನೇ ಅಲೆಯಲ್ಲಿ ಜನ ರೆಮ್‌ಡೆಸಿವಿರ್ ಜೊತೆಗೆ ಹುಡುಕಾಡಿದ ಇನ್ನೊಂದು ಇಂಜೆಕ್ಷನ್ ಇದೇ. ಕೆಲವು ಕೋವಿಡ್ ರೋಗಿಗಳಲ್ಲಿ ಸೈಟೋಕೈನ್‌ಗಳು ಹದ್ದುಮೀರಿ ಶ್ವಾಸಕೋಶ ಹಾಳಾಗುತ್ತಿತ್ತು. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ 4,116 ರೋಗಿಗಳಿದ್ದರು. 28 ದಿನಗಳಲ್ಲಿ ಸಾವಿನ ಪ್ರಮಾಣ ಟೋಸಿಲಿಜುಮಾಬ್ ಪಡೆದವರಲ್ಲಿ ಶೇ. 31, ಪಡೆಯದವರಲ್ಲಿ ಶೇ. 35 ಆಗಿತ್ತು. ಪ್ರಯೋಜನ ಇತ್ತು, ಆದರೆ ಸಂಜೀವಿನಿ ಆಗಿರಲಿಲ್ಲ. ಅಂದು ಫಾರ್ವರ್ಡ್‌ಗಳು ಅದನ್ನು ಸಂಜೀವಿನಿ ಮಾಡಿದವು. ಅಗತ್ಯವೇ ಇಲ್ಲದವರ ಮನೆಯವರೂ ಕಾಳಸಂತೆಯಲ್ಲಿ ಹುಡುಕಿದರು.

ಕರ್ನಾಟಕಕ್ಕೆ ಇನ್ನೂ ಹಳೆಯ ಒಂದು ನೆನಪಿದೆ. 2006ರಲ್ಲಿ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳು ವರದಿಯಾದವು. ಜ್ವರ ವಾರದಲ್ಲಿ ಬಿಟ್ಟರೂ ಕೀಲುನೋವು ಕೆಲವರಿಗೆ ತಿಂಗಳುಗಟ್ಟಲೆ ಉಳಿಯಿತು. ಹೀಗೆ ನೋವು ಉಳಿದುಕೊಳ್ಳುವವರ ರಕ್ತದಲ್ಲಿ ಐಎಲ್-6 ಹೆಚ್ಚಿರುವುದನ್ನು ಮುಂದೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳು ಕಂಡುಕೊಂಡವು. ವೈರಾಣು ಸಿಕ್ಕಿದ ಮೇಲೂ ಭೋಂಗಾ ಕೂಗುವುದು ಎಂದರೆ ಇದೇ. ಆದರೆ ಚಿಕೂನ್‌ಗುನ್ಯಾ ನೋವು ಬಹುತೇಕರಲ್ಲಿ ಕಾಲಕ್ರಮೇಣ ತಾನೇ ಇಳಿಯುತ್ತದೆ. ಅದಕ್ಕೆ ಈ ಇಂಜೆಕ್ಷನ್‌ಗಳು ಸಾಮಾನ್ಯ ಚಿಕಿತ್ಸೆಯಲ್ಲ.

ಬೆಂಗಳೂರಿನ ಬಯೋಕಾನ್ ಕ್ಯೂಬಾದ ವಿಜ್ಞಾನಿಗಳ ಜೊತೆ ಸೇರಿ ತಯಾರಿಸಿ, 2013ರಲ್ಲಿ ಸೋರಿಯಾಸಿಸ್‌ಗೆ ಬಿಡುಗಡೆ ಮಾಡಿದ ಇಟೋಲಿಜುಮಾಬ್ ಕೂಡ ಇದೇ ಆಲೋಚನೆಯ ನೆಂಟ. ಅದು ಸೈಟೋಕೈನ್ ರಿಸೆಪ್ಟರನ್ನು ಮುಟ್ಟುವುದಿಲ್ಲ. ಒಂದು ಹೆಜ್ಜೆ ಹಿಂದೆ ಹೋಗಿ, ಭೋಂಗಾ ಊದಿಸುವ ಟಿ-ಕೋಶಗಳನ್ನೇ ಸುಮ್ಮನಾಗಿಸುತ್ತದೆ.

‘ಒಂದೇ ಸಲ ಸಾಕು’: ಸುಳ್ಳು

ಈ ಔಷಧಗಳು ಸುದ್ದಿಯನ್ನು ತಡೆಯುತ್ತವೆ, ಸುದ್ದಿ ಹುಟ್ಟುವ ಮೂಲ ಕಾರಣವನ್ನು ಅಳಿಸುವುದಿಲ್ಲ. ಆದ್ದರಿಂದ ಮತ್ತೆ ಮತ್ತೆ ಕೊಡಬೇಕು. ಎಟಾನರ್ಸೆಪ್ಟ್ ಸಾಮಾನ್ಯವಾಗಿ ವಾರಕ್ಕೊಮ್ಮೆ, ಅಡಾಲಿಮುಮಾಬ್ ಎರಡು ವಾರಕ್ಕೊಮ್ಮೆ, ರಕ್ತನಾಳದ ಮೂಲಕ ಕೊಡುವ ಟೋಸಿಲಿಜುಮಾಬ್ ನಾಲ್ಕು ವಾರಕ್ಕೊಮ್ಮೆ. ಎಲ್ಲರಿಗೂ ಸರಿಹೊಂದುವುದೂ ಇಲ್ಲ. ಟಿಎನ್‌ಎಫ್ ತಡೆ ಔಷಧ ಪಡೆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಸಾಕಷ್ಟು ಪ್ರಯೋಜನ ಸಿಗುವುದಿಲ್ಲ. ಅಂಥವರಿಗೆ ಬೇರೆ ದಾರಿಯ ಔಷಧ ಕೊಟ್ಟು ನೋಡುತ್ತಾರೆ.

ಇವು ಮೊದಲ ಔಷಧವೂ ಅಲ್ಲ. ರುಮಟಾಯ್ಡ್ ಸಂಧಿವಾತಕ್ಕೆ ಇಂದಿಗೂ ಮೊದಲು ಶುರುಮಾಡುವುದು ಸಾಮಾನ್ಯವಾಗಿ ಮೆಥೊಟ್ರೆಕ್ಸೇಟ್ ಎಂಬ ಹಳೆಯ, ಅಗ್ಗದ ಗುಳಿಗೆ. ಬಹಳ ಜನರಿಗೆ ಅದೇ ಸಾಕಾಗುತ್ತದೆ. ಆದರೆ ಅದರ ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ನಮ್ಮ ಅತ್ತೆ ಗುಳಿಗೆ ಬಿಟ್ಟದ್ದು ಆರನೆಯ ವಾರದಲ್ಲಿ!

ಮೆಥೊಟ್ರೆಕ್ಸೇಟ್ ಬಗ್ಗೆ ಒಂದು ಮಾತನ್ನು ದಯವಿಟ್ಟು ನೆನಪಿಡಿ. ಸಂಧಿವಾತಕ್ಕೆ ಇದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದು ದಿನ ಮಾತ್ರ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. ಮನೆಯಲ್ಲಿ ಯಾರಾದರೂ ಇದನ್ನು ತೆಗೆದುಕೊಳ್ಳುತ್ತಿದ್ದರೆ ಚೀಟಿಯ ಮೇಲೆ ವಾರದ ಹೆಸರು ದೊಡ್ಡದಾಗಿ ಬರೆದು ಡಬ್ಬಿಗೆ ಅಂಟಿಸಿ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳಬಾರದು. ಮಗು ಬೇಕೆಂದಿರುವವರು ಮೊದಲೇ ವೈದ್ಯರಿಗೆ ಹೇಳಬೇಕು.

‘ರೋಗನಿರೋಧಕ ಶಕ್ತಿ ಕೊಲ್ಲುತ್ತದೆ’: ಅರ್ಧ ನಿಜ

ಪೋಸ್ಟರ್‌ನ ಈ ಮಾತು ಪೂರ್ತಿ ಸುಳ್ಳಲ್ಲ. ಹಾಗಾಗಿಯೇ ಜನ ಅದನ್ನು ನಂಬುತ್ತಾರೆ.

ಭೋಂಗಾ ಇರುವುದು ನಿಜವಾದ ಬೆಂಕಿ ಬಿದ್ದಾಗ ಎಚ್ಚರಿಸಲಿಕ್ಕೂ ಹೌದು. ಅದನ್ನು ತಡೆದರೆ ಬೆಂಕಿಯ ದಿನವೂ ಸದ್ದು ಬರುವುದಿಲ್ಲ. ಭಾರತದಲ್ಲಿ ಇದರ ಮುಖ್ಯ ಉದಾಹರಣೆ ಟಿಬಿ. ಪ್ರಪಂಚದ ಟಿಬಿ ರೋಗಿಗಳಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಜನ ನಮ್ಮ ದೇಶದಲ್ಲಿದ್ದಾರೆ. ಕಾಯಿಲೆ ಇಲ್ಲದಿದ್ದರೂ ಟಿಬಿ ರೋಗಾಣುವನ್ನು ಒಳಗೆ ಹೊತ್ತು ಆರೋಗ್ಯವಾಗಿ ಓಡಾಡುವವರು ಇನ್ನೂ ಎಷ್ಟೋ ಹೆಚ್ಚು. ಅವರ ಶ್ವಾಸಕೋಶದಲ್ಲಿ ರಕ್ಷಣಾ ಕೋಶಗಳು ರೋಗಾಣುವಿನ ಸುತ್ತ ಗೋಡೆ ಕಟ್ಟಿ ಕಾವಲು ಕೂತಿರುತ್ತವೆ. ಆ ಗೋಡೆ ನಿಲ್ಲಲು ಟಿಎನ್‌ಎಫ್ ಬೇಕು. ಟಿಎನ್‌ಎಫ್ ತಡೆದರೆ ಗೋಡೆ ಸಡಿಲವಾಗಬಹುದು. ಇನ್‌ಫ್ಲಿಕ್ಸಿಮಾಬ್ ಪಡೆದವರಲ್ಲಿ 70 ಟಿಬಿ ಪ್ರಕರಣಗಳು ಕಂಡುಬಂದ ವರದಿ 2001ರಲ್ಲಿ ಪ್ರಕಟವಾಯಿತು. ಅಂದಿನಿಂದ ಚಿಕಿತ್ಸೆಗೆ ಮುನ್ನ ಟಿಬಿ ಪರೀಕ್ಷೆ ನಿಯಮವಾಯಿತು.

ಒತ್ತೊತ್ತಾಗಿ ಜನ ವಾಸಿಸುವ ಕಡೆ ಟಿಬಿ ಸುಲಭವಾಗಿ ಹರಡುತ್ತದೆ. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ ವಸತಿ ಇದೆ, ದೊಡ್ಡ ಮಠಗಳಿವೆ. ಭಾರತದಲ್ಲಿರುವ ಟಿಬೆಟಿಯನ್ ಸಮುದಾಯದಲ್ಲಿ ಟಿಬಿ ಹೆಚ್ಚಿರುವುದು ದಾಖಲಾಗಿದೆ. ಇದು ಯಾರದೂ ತಪ್ಪಲ್ಲ. ಒಂದೇ ಕೋಣೆಯಲ್ಲಿ ಹಲವರು ಮಲಗುವ ಹಾಸ್ಟೆಲ್, ಕಾರ್ಮಿಕರ ಕೋಣೆ, ಕಿಕ್ಕಿರಿದ ಮನೆ ಎಲ್ಲೆಡೆಗೂ ಈ ಮಾತು ಅನ್ವಯಿಸುತ್ತದೆ. ಮನೆಯಲ್ಲಿ ಯಾರಿಗಾದರೂ ಹಿಂದೆ ಟಿಬಿ ಆಗಿದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಅದು ಮಾನದ ಪ್ರಶ್ನೆಯಲ್ಲ, ಔಷಧದ ಆಯ್ಕೆಯ ಪ್ರಶ್ನೆ.

ಈ ಔಷಧ ಶುರುಮಾಡುವ ಮುನ್ನ ಎದೆಯ ಎಕ್ಸ್‌ರೇ, ಸುಪ್ತ ಟಿಬಿಗೆ ಚರ್ಮದ ಅಥವಾ ರಕ್ತದ ಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಬೇಕು. ಸುಪ್ತ ಟಿಬಿ ಕಂಡುಬಂದರೆ ಚಿಕಿತ್ಸೆಯ ದಾರಿಯೇನೂ ಮುಚ್ಚುವುದಿಲ್ಲ. ಮೊದಲು ಟಿಬಿ ತಡೆಗಟ್ಟುವ ಔಷಧ ಶುರುಮಾಡಿ, ಸಾಮಾನ್ಯವಾಗಿ ಒಂದು ತಿಂಗಳ ನಂತರ ಸಂಧಿವಾತದ ಔಷಧ ಕೊಡುತ್ತಾರೆ. ಟಿಬಿ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಇನ್ನೂ ಎರಡು ಎಚ್ಚರಿಕೆಗಳಿವೆ. ಟೋಸಿಲಿಜುಮಾಬ್ ಪಡೆಯುವವರಲ್ಲಿ ಸೋಂಕು ಇದ್ದರೂ ಜ್ವರ ಬಾರದಿರಬಹುದು, ಸಿಆರ್‌ಪಿ ಪರೀಕ್ಷೆ ಸಹಜವೆಂದೇ ತೋರಿಸಬಹುದು. ಯಾಕೆಂದರೆ ಜ್ವರ ಏರುವುದೂ, ಯಕೃತ್ತು ಸಿಆರ್‌ಪಿ ತಯಾರಿಸುವುದೂ ಬಹುಮಟ್ಟಿಗೆ ಐಎಲ್-6ರ ಸುದ್ದಿ ಕೇಳಿಯೇ. ಆದ್ದರಿಂದ ‘ಜ್ವರ ಇಲ್ಲವಲ್ಲ’ ಎಂದು ಸುಮ್ಮನಿರಬಾರದು. ಟೊಫಾಸಿಟಿನಿಬ್ ಗುಳಿಗೆಯಿಂದ ಸರ್ಪಸುತ್ತು ಬರುವ ಸಾಧ್ಯತೆ ಹೆಚ್ಚು. 50 ವರ್ಷ ದಾಟಿದ, ಹೃದಯಾಘಾತದ ಅಪಾಯವಿರುವ ರೋಗಿಗಳ ಮೇಲಿನ ಅಧ್ಯಯನದ ನಂತರ, ಹೃದಯಾಘಾತ, ರಕ್ತ ಹೆಪ್ಪುಗಟ್ಟುವಿಕೆ ಮತ್ತು ಕೆಲವು ಕ್ಯಾನ್ಸರ್‌ಗಳ ಬಗ್ಗೆ 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಗಂಭೀರ ಎಚ್ಚರಿಕೆ ಹೊರಡಿಸಿದರು. ಗುಳಿಗೆ ಎಂಬ ಮಾತ್ರಕ್ಕೆ ಅದು ಹಗುರವಲ್ಲ. ಪಕ್ಕದ ಮನೆಯವರ ಚೀಟಿ ತೋರಿಸಿ ಅಂಗಡಿಯಲ್ಲಿ ಕೊಳ್ಳುವಂಥದ್ದಂತೂ ಅಲ್ಲವೇ ಅಲ್ಲ.

ಹಾಗಾದರೆ ಇಷ್ಟು ಅಪಾಯದ ಔಷಧ ಯಾಕೆ? ತಡೆಯದೆ ಬಿಟ್ಟರೆ ಕೀಲು ಕೊರೆದುಹೋಗುತ್ತದೆ, ಅಷ್ಟೇ ಅಲ್ಲ, ವರ್ಷಗಟ್ಟಲೆ ಉಳಿದ ಉರಿಯೂತ ಹೃದಯಕ್ಕೂ ಶ್ವಾಸಕೋಶಕ್ಕೂ ಕೆಡುಕು ಮಾಡುತ್ತದೆ. ಪರೀಕ್ಷೆ ಮಾಡಿಸಿ, ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಂಡಾಗ ಬಹಳ ಜನರಿಗೆ ಲಾಭದ ತಕ್ಕಡಿಯೇ ಭಾರ.

ಪುಡಿಯಿಂದ ನೋವು ಹೋದದ್ದು ಹೇಗೆ?

ಈಗ ಅತ್ತೆಯ ಕತೆಗೆ ಬರೋಣ. ಮೂರು ತಿಂಗಳ ನಂತರ ಹಬ್ಬಕ್ಕೆ ಹೋದಾಗ ಅವರ ಮುಖ ದುಂಡಗೆ ಊದಿಕೊಂಡಿತ್ತು. ‘ಆರೋಗ್ಯ ಬಂದೈತಿ’ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಎಂದೂ ಇರದಿದ್ದ ಸಕ್ಕರೆ ಕಾಯಿಲೆ ರಕ್ತಪರೀಕ್ಷೆಯಲ್ಲಿ ಕಾಣಿಸಿತು. ‘ಅತ್ತೆ, ಆ ಪುಡಿ ಡಬ್ಬಿ ಕೊಡ್ರಿ, ಡಾಕ್ಟರಿಗೆ ತೋರಸೋಣು’ ಎಂದು ಕೇಳಿ ಒಯ್ದೆವು. ಡಬ್ಬಿಯ ಮೇಲೆ ತಯಾರಕರ ವಿಳಾಸ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಒಳಗೇನಿದೆ ಎಂಬ ಪಟ್ಟಿ ಇಲ್ಲ. ದುಂಡು ಮುಖ, ದಿಢೀರ್ ಏರಿದ ಸಕ್ಕರೆ, ಎಂಟೇ ದಿನಕ್ಕೆ ಮಾಯವಾದ ನೋವು: ಈ ಮೂರನ್ನೂ ನೋಡಿದ ವೈದ್ಯರು ಸ್ಟೀರಾಯ್ಡ್ ಬೆರೆಸಿರುವ ಅನುಮಾನ ವ್ಯಕ್ತಪಡಿಸಿದರು.

ಇಂಥ ಕಲಬೆರಕೆ ಹೊಸದಲ್ಲ. ‘ಆರ್ಟ್ರಿ ಕಿಂಗ್’ ಎಂಬ, ಗಿಡಮೂಲಿಕೆಯದೆಂದು ಮಾರುತ್ತಿದ್ದ ಕೀಲುನೋವಿನ ಉತ್ಪನ್ನದಲ್ಲಿ ಲೇಬಲ್ ಮೇಲೆ ಹೇಳದ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಮತ್ತು ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಇರುವುದಾಗಿ ಅಮೆರಿಕದ ಔಷಧ ನಿಯಂತ್ರಕರು 2022ರಲ್ಲಿ ಎಚ್ಚರಿಸಿದ್ದರು.

ಸ್ಟೀರಾಯ್ಡ್ ಕೂಡ ವೈದ್ಯರೇ ಬಳಸುವ ಔಷಧ. ಮೊದಲ ಕೆಲವು ವಾರ ಸಣ್ಣ ಪ್ರಮಾಣದಲ್ಲಿ ಕೊಡುವುದುಂಟು. ಅದು ಊರಿನ ಎಲ್ಲಾ ಭೋಂಗಾಗಳನ್ನೂ ಒಟ್ಟಿಗೇ ಬಂದ್ ಮಾಡುತ್ತದೆ. ಅದಕ್ಕೇ ನೋವು ಅಷ್ಟು ಬೇಗ ಇಳಿಯುತ್ತದೆ. ಲೆಕ್ಕವಿಲ್ಲದೆ ತಿಂಗಳುಗಟ್ಟಲೆ ತೆಗೆದುಕೊಂಡರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಏರುತ್ತವೆ, ಟಿಬಿಯಂಥ ಸೋಂಕು ತಲೆಯೆತ್ತಬಹುದು. ‘ರೋಗನಿರೋಧಕ ಶಕ್ತಿ ಕೊಲ್ಲುವ ಗುಳಿಗೆ ಬಿಡಿ’ ಎಂದ ಪುಡಿಯೇ ಅದಕ್ಕಿಂತ ಹೆಚ್ಚಾಗಿ ಆ ಕೆಲಸ ಮಾಡಿದಂತಾಯಿತು. ಅದೂ ಟಿಬಿ ಪರೀಕ್ಷೆ ಇಲ್ಲದೆ, ಪ್ರಮಾಣದ ಲೆಕ್ಕವಿಲ್ಲದೆ.

ಮುಖ್ಯವಾದ ಮಾತು: ಇಂಥ ಪುಡಿಯನ್ನು ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ಹೆದರಿ ಒಮ್ಮೆಲೇ ನಿಲ್ಲಿಸಬೇಡಿ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದಾಗ ದೇಹ ತನ್ನದನ್ನು ತಯಾರಿಸುವುದು ನಿಲ್ಲಿಸಿರುತ್ತದೆ. ದಿಢೀರ್ ಬಿಟ್ಟರೆ ರಕ್ತದೊತ್ತಡ ಕುಸಿದು ಅಪಾಯವಾಗಬಹುದು. ಡಬ್ಬಿಯ ಸಮೇತ ಆದಷ್ಟು ಬೇಗ ವೈದ್ಯರ ಹತ್ತಿರ ಹೋಗಿ. ಅವರು ಹಂತಹಂತವಾಗಿ ಇಳಿಸುತ್ತಾರೆ.

ಇಲ್ಲಿ ಒಂದನ್ನು ಸ್ಪಷ್ಟಪಡಿಸುತ್ತೇವೆ. ಜೋಯಿಡಾದ ಕುಣಬಿಗಳಿಗೂ, ಹಳಿಯಾಳ ಮತ್ತು ಮುಂಡಗೋಡದ ಸಿದ್ದಿ, ಗೌಳಿ ಜನರಿಗೂ ಕಾಡಿನ ಗಿಡ, ಗಡ್ಡೆ, ಬೇರುಗಳ ತಿಳಿವಳಿಕೆ ತಲೆತಲಾಂತರದಿಂದ ಬಂದದ್ದು. ಈ ಲೇಖನ ಅದರ ವಿರುದ್ಧ ಅಲ್ಲ. ಆ ಕಾಡಿನ ಹೆಸರನ್ನು ಡಬ್ಬಿಯ ಮೇಲೆ ಅಂಟಿಸಿ, ವಿಳಾಸವಿಲ್ಲದೆ ಮಾರುವವರ ವಿರುದ್ಧ.

ಹಾಗಾದರೆ ಏನು ಮಾಡಬೇಕು?

ಕೈಕಾಲಿನ ಸಣ್ಣ ಕೀಲುಗಳು ಆರು ವಾರಕ್ಕಿಂತ ಹೆಚ್ಚು ಊದಿದ್ದು, ಬೆಳಗಿನ ಬಿಗಿತ ಅರ್ಧ ತಾಸು ದಾಟುತ್ತಿದ್ದರೆ ತಡಮಾಡದೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ ಪರೀಕ್ಷೆಗಳ ಬಗ್ಗೆ ಕೇಳಿ. ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ, ನೆಗೆಟಿವ್ ಬಂದ ಮಾತ್ರಕ್ಕೆ ಇಲ್ಲ ಎಂದೂ ಅಲ್ಲ. ಕೀಲು ಮುಟ್ಟಿ ನೋಡಿದ ವೈದ್ಯರೇ ನಿರ್ಧರಿಸಬೇಕು.

ಈ ಕಾಯಿಲೆಯ ತಜ್ಞರಿಗೆ ರುಮಟಾಲಜಿಸ್ಟ್ ಎನ್ನುತ್ತಾರೆ. ನಮ್ಮ ನಾಲ್ಕು ತಾಲ್ಲೂಕುಗಳವರು ಅವರಿಗಾಗಿ ಹುಬ್ಬಳ್ಳಿ, ಧಾರವಾಡ ಅಥವಾ ಬೆಳಗಾವಿಗೆ ಹೋಗಬೇಕಾದೀತು. ಜೋಯಿಡಾದ ಒಳಗಿನ ಹಳ್ಳಿಯಿಂದ ಹೊರಟವರಿಗೆ ಅದು ಒಂದಿಡೀ ದಿನದ ಕೆಲಸ, ಒಂದು ದಿನದ ಕೂಲಿಯ ನಷ್ಟ. ಮನೆ ಬಾಗಿಲಿಗೆ ಬರುವ ಪುಡಿ ಗೆಲ್ಲುವುದು ಇದೇ ಕಾರಣಕ್ಕೆ. ಹಾಗಾಗಿ ಹೋಗುವಾಗ ಹಳೆಯ ಚೀಟಿ, ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲವನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ಮುಂದಿನ ರಕ್ತಪರೀಕ್ಷೆಗಳನ್ನು ಊರ ಹತ್ತಿರವೇ ಮಾಡಿಸಬಹುದೇ ಎಂದು ಕೇಳಿ. ಗುಳಿಗೆಯ ಫಲ ಕಾಣಲು ಎಷ್ಟು ವಾರ ಬೇಕು ಎಂದು ಕೇಳಿಯೇ ಎದ್ದು ಬನ್ನಿ. ಆ ಒಂದು ಉತ್ತರ ಗೊತ್ತಿದ್ದಿದ್ದರೆ ನಮ್ಮ ಅತ್ತೆ ಗುಳಿಗೆ ಬಿಡುತ್ತಿರಲಿಲ್ಲ.

ಅವರು ಈಗ ಮತ್ತೆ ವಾರದ ಗುಳಿಗೆಯಲ್ಲಿದ್ದಾರೆ. ಬೆಳಗಿನ ಬಿಗಿತ ಹತ್ತು ನಿಮಿಷಕ್ಕೆ ಇಳಿದಿದೆ. ಇಂಜೆಕ್ಷನ್ ಬೇಕಾಗಿಲ್ಲ. ಬಲಗೈಯ ಎರಡು ಬೆರಳು ಮಾತ್ರ ಆ ಮೂರು ತಿಂಗಳಲ್ಲಿ ತುಸು ಬಾಗಿದ್ದು ಹಾಗೇ ಉಳಿದಿವೆ. ರೊಟ್ಟಿ ಬಡಿಯುತ್ತಾರೆ, ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ.

ಆ ಪೋಸ್ಟರ್ ಅವರಿಗೆ ಕಳಿಸಿದ್ದು ಯಾರೋ ಮೋಸಗಾರರಲ್ಲ, ಅವರ ನೋವು ನೋಡಲಾಗದ ತಂಗಿ. ಫಾರ್ವರ್ಡ್ ಮಾಡುವವರಲ್ಲಿ ಹೆಚ್ಚಿನವರು ಹೀಗೆ ಪ್ರೀತಿಯಿಂದಲೇ ಮಾಡುತ್ತಾರೆ. ಮುಂದಿನ ಸಲ ಇಂಥ ಸಂದೇಶ ಬಂದಾಗ ಎರಡನ್ನು ನೋಡಿ: ತಯಾರಕರ ವಿಳಾಸ ಮತ್ತು ಲೈಸೆನ್ಸ್ ನಂಬರ್ ಇದೆಯೇ? ‘ಡಾಕ್ಟರ್ ಗುಳಿಗೆ ನಿಲ್ಲಿಸಿ’ ಎನ್ನುತ್ತದೆಯೇ? ಮೊದಲನೆಯದು ಇಲ್ಲದಿದ್ದರೆ, ಎರಡನೆಯದು ಇದ್ದರೆ, ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.